ವೃದ್ಧಾಶ್ರಮದಲ್ಲಿ ಎಲ್ಲರೂ ‘ಆರಾಮ ಅದೇವಿ’ ಅಂದರೆ ಏನಂತ ಅಂಕ ಹಾಕೋದು?

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ವಿದ್ಯಾರ್ಥಿನಿ, ಧಾರವಾಡ:
ಪ್ರಾಜೆಕ್ಟ್‌ಗಾಗಿ ಒಂದು ವೃದ್ಧಾಶ್ರಮಕ್ಕೆ ಹೋಗ್ತಾ ಇದ್ದೇನೆ. ಅಲ್ಲಿರುವವರ ಬದುಕಿನ ಗುಣಮಟ್ಟ ಅಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯೂಎಚ್‌ಒಕ್ಯೂಒಎಲ್-ಬ್ರೆಫ್ ಅನ್ನೋ ಪ್ರಶ್ನಾವಳಿ ಹಿಡಿದಿದ್ದೇನೆ. 26 ಪ್ರಶ್ನೆ, ಒಂದೊಂದಕ್ಕೂ 1ರಿಂದ 5. ಒಬ್ಬ ಅಜ್ಜಿಯನ್ನು ಕೇಳಿದೆ. "ಏನ್ ಕಡಿಮಿ ಐತವಾ, ಹೊತ್ತಿಗೆ ಸರಿಯಾಗಿ ಊಟ ಹಾಕ್ತಾರ" ಅಂದರು. 5 ಹಾಕಿದೆ. ವಾರ್ಡನ್ ಫೋನ್ ಬಂತು ಅಂತ ಹೊರಗೆ ಹೋದರು ನೋಡಿ, ಅಜ್ಜಿ ಮೆಲ್ಲಗೆ, "ಎಂಟಕ್ಕ ಲೈಟ್ ಆರಸ್ತಾರ. ನನಗ ನಿದ್ದಿ ಹತ್ತೂದು ಹನ್ನೆರಡಕ್ಕ" ಅಂದರು. ಈಗ ಯಾವ ಅಂಕ ಬರೆಯಲಿ? ಇನ್ನೊಂದು, ಮರೆವಿನ ಕಾಯಿಲೆ ಇರುವವರ ಫಾರಂ ಅನ್ನು ಆಯಾಗಳ ಹತ್ತಿರ ಕೇಳಿ ತುಂಬು ಅಂತ ಗೈಡ್ ಹೇಳುತ್ತಾರೆ. ಸರಿನಾ?

ಕೇರ್ ಹೋಮ್ ನರ್ಸ್, ಇಂಗ್ಲೆಂಡ್ (ಊರು ಹಾಸನ):
ಮೊದಲು ವಾರ್ಡನ್ನರನ್ನು ಹೊರಗೆ ಕಳಿಸಿ. ಅವರ ಎದುರಿಗೆ ಯಾರು ತಾನೇ ಬಾಯಿ ಬಿಡ್ತಾರೆ? ನಾಳೆ ಸ್ನಾನಕ್ಕೆ ಬಿಸಿನೀರು ಕೊಡೋದು ಅವರೇ ಅಲ್ವಾ.

ಲೈಟಿನ ವಿಷಯ. ಬ್ರೆಫ್‌ನಲ್ಲಿ ನಿದ್ದೆಯ ಬಗ್ಗೆ ಒಂದು ಪ್ರಶ್ನೆ ಇದೆ, ಆದರೆ ಅಜ್ಜಿಯ ದೂರು ನಿದ್ದೆಯದ್ದಲ್ಲ. ಯಾವಾಗ ಮಲಗಬೇಕು ಅನ್ನೋದು ಅವರ ಕೈಲಿಲ್ಲ, ಅದು. ಇಲ್ಲಿ ಕೆಂಟ್ ವಿಶ್ವವಿದ್ಯಾಲಯದವರು ರೂಪಿಸಿದ ಆಸ್ಕಾಟ್ ಅಂತ ಒಂದು ಸಾಧನ ಇದೆ. ಅದರಲ್ಲಿ ಊಟ, ಶುಚಿ, ಸುರಕ್ಷತೆ, ಇರುವ ಜಾಗ, ಜನರ ಒಡನಾಟ, ಹೊತ್ತು ಹೋಗುವ ಕೆಲಸ ಇವುಗಳ ಜೊತೆಗೆ ದಿನಚರಿಯ ಮೇಲೆ ಹಿಡಿತ, ಮರ್ಯಾದೆ ಅಂತಲೂ ಬೇರೆ ಬೇರೆಯಾಗಿ ನೋಡುತ್ತಾರೆ. ಕೇರ್ ಹೋಮಿಗೆ ಮಾಡಿದ ರೂಪದಲ್ಲಿ ಪ್ರಶ್ನೆ ಕೇಳಿ ಎದ್ದು ಹೋಗುವ ಹಾಗಿಲ್ಲ. ಹಾಲ್‌ನಲ್ಲಿ ಕೂತು ನೋಡಬೇಕು. ವೀಲ್‌ಚೇರ್ ತಳ್ಳುವ ಮುಂಚೆ "ಹೋಗೋಣ್ವಾ?" ಅಂತ ಕೇಳಿದರಾ? ಊಟ ತಿನ್ನಿಸುವವರು ಅಜ್ಜನ ಮುಖ ನೋಡ್ತಿದ್ದಾರಾ, ಟಿವಿ ನೋಡ್ತಿದ್ದಾರಾ? ಒಗೆದು ಬಂದ ಸ್ವೆಟರ್ ಅವರದ್ದೇನಾ? (ಕೊನೆಯದು ಇಲ್ಲಿ ದಿನಾ ಜಗಳ.)

ಆಯಾಗಳಿಂದ ತುಂಬಿಸಬಹುದು, ಆದರೆ ಅದನ್ನು ಅಜ್ಜಿಯ ಉತ್ತರ ಅಂತ ಬರೆಯಬೇಡಿ. ಮರೆವಿನವರಿಗೆ ಡೆಮ್‌ಕ್ವಾಲ್ ಅಂತ ಬೇರೆ ಪ್ರಶ್ನಾವಳಿ ಇದೆ. ಸ್ವತಃ ಅವರನ್ನು ಕೇಳುವುದಕ್ಕೆ 28 ಪ್ರಶ್ನೆ, ನೋಡಿಕೊಳ್ಳುವವರಿಗೆ 31. ಎರಡೂ ಬೇರೆ ಬೇರೆ ಫಾರಂ. ಸಾಮಾನ್ಯವಾಗಿ ನೋಡಿಕೊಳ್ಳುವವರು ಕಮ್ಮಿ ಅಂಕ ಕೊಡುತ್ತಾರೆ. ಮರೆವು ಇದ್ದ ಮಾತ್ರಕ್ಕೆ ಕೇಳದೇ ಬಿಡಬೇಡಿ. ಸ್ವಲ್ಪ ಮರೆವಿರುವವರು ಚೆನ್ನಾಗಿಯೇ ಉತ್ತರ ಹೇಳುತ್ತಾರೆ.

ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ:
ಥ್ಯಾಂಕ್ಸ್ ಅಕ್ಕಾ. ಬ್ರೆಫ್‌ನಲ್ಲಿ ಲೈಂಗಿಕ ಜೀವನದ ಪ್ರಶ್ನೆ ಇದೆಯಲ್ಲ, ಎಂಬತ್ತು ದಾಟಿದ ಅಜ್ಜನ ಮುಂದೆ ನನಗೆ ಬಾಯೇ ಬರಲಿಲ್ಲ.

ಕೇರ್ ಹೋಮ್ ನರ್ಸ್:
ಅದಕ್ಕೆ ಡಬ್ಲ್ಯೂಎಚ್‌ಒಕ್ಯೂಒಎಲ್-ಓಲ್ಡ್ ಜೊತೆಗಿಟ್ಟುಕೊಳ್ಳಿ. 24 ಪ್ರಶ್ನೆ, ಮುದುಕರಿಗೆಂದೇ ಮಾಡಿದ್ದು. ಅಲ್ಲಿ ಪ್ರೀತಿ, ಜೊತೆ ಇದೆಯಾ ಅಂತ ಕೇಳುತ್ತದೆ. ಸಾವಿನ ಭಯದ ಬಗ್ಗೆಯೂ ಕೇಳುತ್ತದೆ. ನೀವು ಹೆದರುವಷ್ಟು ಅವರು ಹೆದರಲ್ಲ. ಬ್ರೆಫ್‌ನ ಆ ಪ್ರಶ್ನೆಗೆ ಉತ್ತರ ಬೇಡ ಅಂದರೆ ಖಾಲಿ ಬಿಡಿ, ಸುಮ್ನೆ 3 ಹಾಕಬೇಡಿ.

ಅಮ್ಮನನ್ನು ಆಶ್ರಮದಲ್ಲಿ ಇಟ್ಟಿರುವ ಮಗ, ಮೈಸೂರು:
ಮನೆಯವರ ಉತ್ತರವನ್ನೂ ಪೂರ್ತಿ ನಂಬಬೇಡಿಮ್ಮ. ನಾನು ಹೋದಾಗಲೆಲ್ಲ ಬಾತ್‌ರೂಮ್, ಹಾಸಿಗೆ, ಬಿಪಿ ಮಾತ್ರೆ ಚೆಕ್ ಮಾಡುತ್ತೇನೆ. ನನ್ನ ಲೆಕ್ಕದಲ್ಲಿ ಜಾಗ ಸುಮಾರು. ಅಮ್ಮನಿಗೆ ಇದ್ಯಾವುದೂ ತಲೆಗೇ ಹೋಗಿಲ್ಲ. ಅವಳ ಸಿಟ್ಟೆಲ್ಲ ಪೇಪರ್ ಮೇಲೆ. ಬೆಳಿಗ್ಗೆ ಆಫೀಸಿನವರು ಓದಿ, ಪದಬಂಧ ತುಂಬಿ, ಮಧ್ಯಾಹ್ನ ಕೊಡುತ್ತಾರಂತೆ!

ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ:
ಹಾಗಾದರೆ ಎರಡು ಕಾಲಂ ಮಾಡುತ್ತೇನೆ, ಅವರದ್ದು ಬೇರೆ, ಆಯಾಗಳದ್ದು ಬೇರೆ. ತುಂಬಿದ ಫಾರಂ ತೋರಿಸಿ ಹೋಗಿ ಅಂತ ವಾರ್ಡನ್ ಕೇಳುತ್ತಿದ್ದಾರೆ, ಏನು ಮಾಡಲಿ?

ಕೇರ್ ಹೋಮ್ ನರ್ಸ್:
ತೋರಿಸಲೇಬೇಡಿ. ಫಾರಂ ಮೇಲೆ ಹೆಸರು, ರೂಮ್ ನಂಬರ್ ಎರಡೂ ಬೇಡ, ಕೋಡ್ ಹಾಕಿ. ಹೆಸರಿನ ಪಟ್ಟಿ ಬೇರೆ ಇರಲಿ, ಆಶ್ರಮದಲ್ಲಿ ಬಿಟ್ಟು ಬರಬೇಡಿ. ಕೊನೆಗೆ ಒಟ್ಟು ವರದಿ ಕೊಡುತ್ತೇನೆ ಅಂತ ಹೇಳಿ. ಒಪ್ಪದಿದ್ದರೆ ಗೈಡ್ ಕೈಯಲ್ಲಿ ಫೋನ್ ಮಾಡಿಸಿ.