ಅಮ್ಮನಿಗೆ ಪೊರೆ ಜೊತೆ ಗ್ಲಾಕೋಮಾನೂ ಇದೆಯಂತೆ, ಅನುಭವ ಇರುವವರು ತಿಳಿಸಿ

ಪ್ರಶ್ನೆ, ಚಿಂತಾಮಣಿಯಿಂದ:

ನಮ್ಮ ಅಮ್ಮನಿಗೆ 63 ವರ್ಷ. ಕಣ್ಣು ಮಂಜು ಅಂತ ತೋರಿಸಿದೆವು. ಎರಡೂ ಕಣ್ಣಲ್ಲಿ ಪೊರೆ ಬಂದಿದೆ, ಗ್ಲಾಕೋಮಾನೂ ಇದೆ ಅಂದರು. ದಿನಾ ರಾತ್ರಿ ಹಾಕಲು ಡ್ರಾಪ್ಸ್ ಬರೆದುಕೊಟ್ಟಿದ್ದಾರೆ. ಪೊರೆ ತೆಗೆಸಿದರೆ ಎರಡೂ ಸರಿಹೋಗುತ್ತದಾ? ಚೆನ್ನಾಗಿ ಬಲಿಯಲಿ, ಆಮೇಲೆ ತೆಗೆಸಿ ಅಂತ ಊರಲ್ಲಿ ಹೇಳುತ್ತಾರೆ. ಒಂದು ತಿಂಗಳು ಡ್ರಾಪ್ಸ್ ಹಾಕಿದರೂ ಏನೂ ಹೆಚ್ಚು ಕಾಣುತ್ತಿಲ್ಲ, ಸುಮ್ನೆ ದುಡ್ಡು ದಂಡ ಅಂತ ಅಮ್ಮನಿಗೆ ಬೇಜಾರು. ಎರಡೂ ಇದ್ದವರು ದಯವಿಟ್ಟು ಹೇಳಿ.

ಶಿಡ್ಲಘಟ್ಟ ಕಡೆಯಿಂದ:

ನನಗೂ ಎರಡೂ ಇದೆ ತಂಗಿ. ಈಗ 61 ವರ್ಷ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ಎಂಟು ವರ್ಷದಿಂದ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದೇನೆ, ನಡುವೆ ಐದು ತಿಂಗಳು ಮಾತ್ರ ಬಿಟ್ಟಿದ್ದೆ. ಆ ಐದು ತಿಂಗಳ ಕಥೆ ನಿಮಗೆ ಹೇಳಲೇಬೇಕು.

ನನಗೆ ಗ್ಲಾಕೋಮಾ ಮೊದಲು ಬಂತು. ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ (ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ) ಬಿಡುವಾಗ ಒಂದು ಹುಳವೂ ನನ್ನ ಕಣ್ಣು ತಪ್ಪುತ್ತಿರಲಿಲ್ಲ. ಆದರೆ ಗೋಡೆಗೆ ಒರಗಿಸಿಟ್ಟ ಚಂದ್ರಿಕೆಗೆ ಎಡಭುಜ ಬಡಿಯುತ್ತಲೇ ಇತ್ತು. ಒಂದು ಸಲ ಹುಳ ಗೂಡು ಕಟ್ಟುತ್ತಿದ್ದ ಚಂದ್ರಿಕೆಯನ್ನೇ ಬೀಳಿಸಿದೆ. ‘ನೋಡಿಕೊಂಡು ಓಡಾಡು’ ಅಂತ ಮನೆಯವರು ಬೈದರು. ನಾನು ನೋಡಿಕೊಂಡೇ ಓಡಾಡುತ್ತಿದ್ದೆ.

ಆಸ್ಪತ್ರೆಯಲ್ಲಿ ಫೀಲ್ಡ್ ಟೆಸ್ಟ್ ಮಾಡಿದರು. ಒಂದು ಕಣ್ಣು ಮುಚ್ಚಿ, ಬಿಳಿ ಬೋಗುಣಿಯಂಥ ಮಿಷನ್ನಿನ ಮುಂದೆ ಗದ್ದ ಇಟ್ಟು, ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಸಣ್ಣ ಬೆಳಕು ಮಿನುಗಿದರೆ ಬಟನ್ ಒತ್ತಬೇಕು. ಎಡಗಣ್ಣಿನ ಸರದಿ ಬಂದಾಗ ಬಹಳ ಹೊತ್ತು ಒಂದು ಬೆಳಕೂ ಬರಲಿಲ್ಲ. ಮಿಷನ್ ನಿಂತುಹೋಯಿತಾ ಅಂತ ಕೇಳಿದೆ. ‘ಇಲ್ಲಮ್ಮ, ನಡೀತಾ ಇದೆ’ ಅಂದಳು ಆ ಹುಡುಗಿ. ನನ್ನ ಎದೆ ಧಸಕ್ಕೆಂದಿತು.

ಕಣ್ಣೊಳಗೆ ಸದಾ ನೀರು ಊರುತ್ತಿರುತ್ತದೆ, ಒಂದು ಮೂಲೆಯಿಂದ ಆಚೆ ಹರಿದುಹೋಗುತ್ತಿರುತ್ತದೆ. ಹೋಗುವ ದಾರಿ ಸರಿಯಿಲ್ಲದಿದ್ದರೆ ಒಳಗೆ ಪ್ರೆಷರ್ ಏರಿ, ಮಿದುಳಿಗೆ ನೋಟ ಒಯ್ಯುವ ನರ ಸವೆಯುತ್ತದೆ. ಸಾಮಾನ್ಯವಾಗಿ ಅಂಚಿನ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಗೆ. ನೋವಿಲ್ಲ, ಕೆಂಪಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ. ಬಿಪಿಗೂ ಇದಕ್ಕೂ ಗೊಂದಲ ಮಾಡಿಕೊಳ್ಳಬೇಡಿ, ಇದು ಕಣ್ಣಿನದೇ ಪ್ರೆಷರ್. 10ರಿಂದ 21 ಇದ್ದರೆ ಸಾಮಾನ್ಯ ಅನ್ನುತ್ತಾರೆ. ಅಷ್ಟರೊಳಗಿದ್ದರೂ ಕೆಲವರಿಗೆ ನರ ಸವೆಯುತ್ತದೆ, ಹಾಗಾಗಿ ಅಮ್ಮನ ಕಣ್ಣಿಗೆ ಎಷ್ಟಿರಬೇಕು ಅಂತ ಅವರ ಡಾಕ್ಟರನ್ನೇ ಕೇಳಿ.

ಪೊರೆ ಬಂದಿದ್ದು ಆಮೇಲೆ. ಪೊರೆ ಅಂದರೆ ಕಣ್ಣೊಳಗಿನ ಲೆನ್ಸೇ ಮಂಜಾಗುವುದು. ಬಿಳಿ ಬೈವೋಲ್ಟಿನ್ ಗೂಡೂ ಮಿಶ್ರತಳಿ ಗೂಡಿನ ಹಾಗೆ ಹಳದಿಯಾಗಿ ಕಾಣತೊಡಗಿತ್ತು. ಮೂರು ವರ್ಷದ ಹಿಂದೆ ಆಪರೇಷನ್ ಆಯಿತು. ಹೊಸ ಲೆನ್ಸ್ ಹಾಕಿದ ಮೇಲೆ ಗೂಡು ಹಾಲಿನ ಹಾಗೆ ಬೆಳ್ಳಗೆ ಕಂಡಿತು. ಆ ಖುಷಿಯೇ ನನಗೆ ಮುಳುವಾಯಿತು.

ಆಪರೇಷನ್ ಆದಮೇಲೆ ಬೇರೆ ಡ್ರಾಪ್ಸ್ ಕೊಟ್ಟಿದ್ದರು. ಅದನ್ನು ಕಡಿಮೆ ಮಾಡುತ್ತಾ ಬಂದು ಆರು ವಾರಕ್ಕೆ ನಿಲ್ಲಿಸಬೇಕಿತ್ತು. ನಾನು ಅದರ ಜೊತೆ ಗ್ಲಾಕೋಮಾದ ಬಾಟಲಿಯನ್ನೂ ನಿಲ್ಲಿಸಿಬಿಟ್ಟೆ. ಕಣ್ಣು ಚೆನ್ನಾಗಿ ಕಾಣುತ್ತಿದೆ, ಇನ್ನೇನು ಬೇಕು ಅಂದುಕೊಂಡೆ. ಐದು ತಿಂಗಳಾದ ಮೇಲೆ ತೋರಿಸಿದಾಗ ಪ್ರೆಷರ್ 28. ಫೀಲ್ಡ್ ಟೆಸ್ಟಿನ ಹಾಳೆಯಲ್ಲಿ ಕಪ್ಪು ಭಾಗ ಇನ್ನೂ ದೊಡ್ಡದಾಗಿತ್ತು. ಅಷ್ಟು ನೋಟ ಹೋಗಿದ್ದು ಹೋಗಿಯೇಬಿಟ್ಟಿತು, ಯಾವ ಆಪರೇಷನ್ನಿನಿಂದಲೂ ವಾಪಸ್ ಬರುವುದಿಲ್ಲ.

ಅಮ್ಮನಿಗೆ ಇದನ್ನೇ ಹೇಳಿ. ಗ್ಲಾಕೋಮಾ ಡ್ರಾಪ್ಸ್ ಹಾಕಿದರೆ ನೋಟ ಹೆಚ್ಚುವುದಿಲ್ಲ, ಇರುವ ನೋಟ ಉಳಿಯಲು ಅದು ಬೇಕು. ಹೆಚ್ಚು ಕಾಣಬೇಕಾದರೆ ಪೊರೆ ತೆಗೆಸಬೇಕು. ಪೊರೆ ತೆಗೆಸಿದ ಮೇಲೂ, ಡಾಕ್ಟರೇ ಸಾಕು ಅನ್ನುವವರೆಗೆ ರಾತ್ರಿಯ ಬಾಟಲಿ ಬಿಡಬಾರದು. ಕೆಲವರಿಗೆ ಕಣ್ಣೊಳಗಿನ ನೀರು ಆಚೆ ಹೋಗುವ ಆ ಮೂಲೆ ಕಿರಿದಾಗಿರುತ್ತದೆ. ಅಂಥವರಿಗೆ ದಪ್ಪಗಾದ ಲೆನ್ಸ್ ತೆಗೆದರೆ ದಾರಿ ಬಿಟ್ಟು ಪ್ರೆಷರ್ ಚೆನ್ನಾಗಿ ಇಳಿಯುವುದೂ ಉಂಟು. ಮೂಲೆ ತೆರೆದೇ ಇರುವವರಿಗೆ ಅಷ್ಟು ಇಳಿಯುವುದಿಲ್ಲ. ಅಮ್ಮನದು ಯಾವ ಬಗೆ ಅಂತ ಕೇಳಿ.

ಪೊರೆ ಬಲಿಯಲಿ ಅನ್ನುವುದು ಹಳೇ ಕಾಲದ ಮಾತು. ಕಣ್ಣಿನ ಡಾಕ್ಟರ್ ಎಂ.ಸಿ. ಮೋದಿಯವರು ಊರೂರಲ್ಲಿ ಕಣ್ಣಿನ ಕ್ಯಾಂಪ್ ಮಾಡುತ್ತಿದ್ದ ಕಾಲದಲ್ಲಿ ಪೊರೆ ತೆಗೆದು ದಪ್ಪ ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು, ಒಳಗೆ ಲೆನ್ಸ್ ಹಾಕುವುದು ಇನ್ನೂ ಬಳಕೆಗೆ ಬಂದಿರಲಿಲ್ಲ. ಆಗ ಕಾಯುವುದಕ್ಕೆ ಅರ್ಥ ಇತ್ತು. ಈಗ ಕಾದರೆ ಪೊರೆ ಗಟ್ಟಿಯಾಗಿ ಆಪರೇಷನ್ನೇ ಕಷ್ಟ. ತೀರಾ ಬಲಿತು ಊದಿಕೊಂಡರೆ ಅದರಿಂದಲೇ ಪ್ರೆಷರ್ ಏರುತ್ತದೆ. ಮೊದಲೇ ಗ್ಲಾಕೋಮಾ ಇರುವ ಕಣ್ಣಿಗೆ ಅದು ಬೇಡವೇ ಬೇಡ.

ಇನ್ನೊಂದು. ದೂರ, ಹತ್ತಿರ ಎರಡೂ ಕಾಣುವ ಮಲ್ಟಿಫೋಕಲ್ ಲೆನ್ಸ್ ಹಾಕಿಸಿ ಅಂತ ಯಾರಾದರೂ ಹೇಳಿದರೆ, ನರ ಎಷ್ಟು ಸವೆದಿದೆ ಅಂತ ಮೊದಲು ಕೇಳಿ. ಜಾಸ್ತಿ ಸವೆದಿದ್ದರೆ ಸಾಮಾನ್ಯವಾಗಿ ಅದು ಬೇಡ ಅನ್ನುತ್ತಾರೆ, ಮಬ್ಬು ಬೆಳಕಲ್ಲಿ ವಸ್ತುಗಳು ಎದ್ದು ಕಾಣುವುದು ಕಡಿಮೆಯಾಗುತ್ತದೆ.

ಗೌರಿಬಿದನೂರಿನಿಂದ:

ಅಕ್ಕ ಹೇಳಿದ್ದಕ್ಕೆ ನಮ್ಮ ತಂದೆಯ ವಿಷಯ ಸೇರಿಸುತ್ತೇನೆ. ಅವರಿಗೆ ಉಬ್ಬಸ ಇತ್ತು. ಕಣ್ಣಿನ ಡಾಕ್ಟರಿಗೆ ಅದನ್ನು ಯಾಕೆ ಹೇಳಬೇಕು ಅಂತ ಸುಮ್ಮನಿದ್ದರು. ಟಿಮೊಲಾಲ್ ಡ್ರಾಪ್ಸ್ ಹಾಕಿದ ಎರಡೇ ದಿನಕ್ಕೆ ಉಸಿರು ಕಟ್ಟಿ ಒದ್ದಾಡಿದರು. ಕಣ್ಣಿಗೆ ಬಿಟ್ಟ ಹನಿ ಮೂಗಿನ ದಾರಿಯಲ್ಲಿ ಇಳಿದು ರಕ್ತ ಸೇರುತ್ತದೆ, ಉಬ್ಬಸ ಇರುವವರಿಗೆ ಆ ಔಷಧಿ ಆಗುವುದಿಲ್ಲ ಅಂತ ಆಮೇಲೆ ತಿಳಿಯಿತು. ಡಾಕ್ಟರು ಬೇರೆ ಡ್ರಾಪ್ಸ್ ಕೊಟ್ಟರು. ಉಬ್ಬಸ, ಹೃದಯದ ತೊಂದರೆ ಏನಿದ್ದರೂ ಮೊದಲೇ ಹೇಳಿಬಿಡಿ.

ಹಾಕುವಾಗ ಒಂದೇ ಹನಿ ಸಾಕು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಲ್ಲಿ ಮೆತ್ತಗೆ ಎರಡು ನಿಮಿಷ ಒತ್ತಿ ಹಿಡಿಯಲಿ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷವಾದರೂ ಬಿಡಬೇಕು. ಕಣ್ಣು ಕೆಂಪಾಯಿತು ಅಂತ ಮೆಡಿಕಲ್ ಶಾಪಿನಿಂದ ಯಾವುದೋ ಡ್ರಾಪ್ಸ್ ತಂದು ಹಾಕಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಪ್ರೆಷರ್ ಏರಬಹುದು. ಇದ್ದಕ್ಕಿದ್ದಂತೆ ಕಣ್ಣು ವಿಪರೀತ ನೋವು, ಕೆಂಪು, ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಮಾತ್ರ ಬೆಳಗಾಗುವವರೆಗೆ ಕಾಯಬೇಡಿ, ಅದೇ ರಾತ್ರಿ ಕಣ್ಣಿನ ಆಸ್ಪತ್ರೆಗೆ ಹೋಗಿ.

ಚಿಂತಾಮಣಿಯಿಂದ ಮತ್ತೆ:

ತುಂಬಾ ಉಪಕಾರವಾಯಿತು ಅಕ್ಕಾ, ಅಣ್ಣಾ. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಚಂದ್ರಿಕೆ ವಿಷಯ ಕೇಳಿ, ‘ನನಗೂ ಬಾಗಿಲ ಚೌಕಟ್ಟು ತಾಗುತ್ತೆ ಕಣೇ’ ಅಂದರು. ನಮಗ್ಯಾರಿಗೂ ಇದನ್ನು ಹೇಳಿರಲೇ ಇಲ್ಲ. ನನಗೆ 41, ನಾನೂ ತೋರಿಸಿಕೊಳ್ಳಬೇಕಾ?

ಶಿಡ್ಲಘಟ್ಟ ಕಡೆಯಿಂದ:

ತೋರಿಸಿಕೊಳ್ಳಲೇಬೇಕು ತಂಗಿ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಒಬ್ಬರಿಗಿದ್ದರೆ ಉಳಿದವರಿಗೆ ಬರುವ ಸಂಭವ ಜಾಸ್ತಿ. ನಾನು ಹಟ ಹಿಡಿದು ನನ್ನ ತಮ್ಮನನ್ನು ಕಳಿಸಿದೆ. ಅವನಿಗೂ ಇತ್ತು, ಆದರೆ ಬೇಗ ಸಿಕ್ಕಿದ್ದರಿಂದ ಅವನ ಫೀಲ್ಡ್ ಟೆಸ್ಟ್ ಇವತ್ತಿಗೂ ಚೆನ್ನಾಗಿದೆ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದರೆ ಸಾಲದು. ‘ಅಮ್ಮನಿಗೆ ಗ್ಲಾಕೋಮಾ ಇದೆ, ನನ್ನ ಪ್ರೆಷರ್, ನರ ಎರಡೂ ನೋಡಿ’ ಅಂತ ಕಣ್ಣಿನ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ. ಬೆಂಗಳೂರಿಗೆ ಹೋಗುವುದಾದರೆ ಚಾಮರಾಜಪೇಟೆಯ ಮಿಂಟೋ ಸರ್ಕಾರಿ ಆಸ್ಪತ್ರೆ ಇದೆ.

ಅಮ್ಮನ ಫೀಲ್ಡ್ ಟೆಸ್ಟಿನ ಹಾಳೆ ಒಂದನ್ನೂ ಬಿಸಾಡಬೇಡಿ. ಹಳೆಯದರ ಪಕ್ಕ ಹೊಸದನ್ನು ಇಟ್ಟು ನೋಡಿಯೇ ಡ್ರಾಪ್ಸ್ ಸಾಕಾ, ಬದಲಿಸಬೇಕಾ ಅಂತ ಹೇಳುವುದು. ನನ್ನವು ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಇವೆ. ರಾತ್ರಿ ಹುಳಕ್ಕೆ ಕೊನೆಯ ಸೊಪ್ಪು ಹಾಕಿ, ಕೈ ಸೋಪಲ್ಲಿ ತೊಳೆದು, ಆಮೇಲೆ ಡ್ರಾಪ್ಸ್. ಅಮ್ಮನಿಗೂ ದಿನಾ ತಪ್ಪದ ಒಂದು ಕೆಲಸದ ಜೊತೆ ಸೇರಿಸಿ. ಆಪರೇಷನ್ ದಿನ ಗೊತ್ತಾದಾಗ ಇಲ್ಲೇ ತಿಳಿಸಿ.