ಸಹಾಯ ಬೇಕು: ಎಂಎಸ್ ಇರುವವರು ನಗೆ ಯೋಗ ಹೇಗೆ ಮಾಡುತ್ತೀರಿ?

ನಮಸ್ಕಾರ. ನನ್ನ ಹೆಂಡತಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ. ಔಷಧಿ ನಡೀತಿದೆ, ಓಡಾಡುತ್ತಾಳೆ. ಆದರೆ ಸುಸ್ತು ಜಾಸ್ತಿ. ನಮ್ಮಿಬ್ಬರ ಮಧ್ಯೆ ಮೊದಲಿನ ಸಲಿಗೆಯೂ ಉಳಿದಿಲ್ಲ. ಮುಟ್ಟಿದರೆ ಒಂದು ಕಡೆ ಜೋಮು, ಇನ್ನೊಂದು ಕಡೆ ಉರಿ ಅನ್ನುತ್ತಾಳೆ. ನರಗಳ ಹೊದಿಕೆಗೇ ಪೆಟ್ಟು ಬೀಳುವ ಕಾಯಿಲೆ, ಹಾಗಾಗುತ್ತದೆ ಅಂದರು ಡಾಕ್ಟರ್. ಸರಿ, ಆದರೆ ಇದನ್ನೆಲ್ಲ ಮನೆಯಲ್ಲಿ ಯಾರ ಹತ್ತಿರ ಹೇಳೋದು?

ಮನಸ್ಸು ಹಗುರಾಗಲಿ ಅಂತ ಪಾರ್ಕಿನ ನಗೆ ಕೂಟಕ್ಕೆ ಸೇರಿದೆವು. 1995ರಲ್ಲಿ ಮುಂಬೈಯಲ್ಲಿ ಡಾ. ಮದನ್ ಕಟಾರಿಯಾ ಶುರು ಮಾಡಿದ್ದರಲ್ಲ, ಅದೇ ಪದ್ಧತಿ. ಚಪ್ಪಾಳೆ, ಹೋ ಹೋ ಹಾ ಹಾ ಹಾ, ಮಧ್ಯೆ ದೀರ್ಘ ಉಸಿರು. ನಿಜ ಹೇಳಬೇಕಂದರೆ ನನಗೆ ನಂಬಿಕೆ ಇರಲಿಲ್ಲ. ಆದರೆ ಮನೆಗೆ ಬಂದ ಮೇಲೂ ನಗುತ್ತಿದ್ದೆವು, ಅವಳೇ ಕೈ ಹಿಡಿದುಕೊಂಡು ಕೂರುತ್ತಿದ್ದಳು.

ತೊಂದರೆ ಏನಂದರೆ, ಜೋರಾಗಿ ನಕ್ಕರೆ ಅವಳಿಗೆ ಮೂತ್ರ ಸೋರುತ್ತದೆ. ಮೈ ಬಿಸಿಯಾದರೆ ಕಣ್ಣು ಮಂಜಾಗುತ್ತದೆ. ಪ್ಯಾಡ್ ಹಾಕಿ ನೋಡಿದೆವು, ಬಿಸಿಲೇರುವ ಮೊದಲೇ ಹೋಗಿ ನೋಡಿದೆವು. ಈಗ ನಾಚಿಕೆಯಾಗಿ ಬರೋದೇ ಇಲ್ಲ ಅನ್ನುತ್ತಾಳೆ.

ಎಂಎಸ್ ಇದ್ದೂ ನಗೆ ಯೋಗ ಮಾಡುವವರು ಇಲ್ಲಿದ್ದೀರಾ? ಮನೆಯಲ್ಲೇ ಫ್ಯಾನ್ ಕೆಳಗೆ ಕೂತು, ನಾವಿಬ್ಬರೇ ಮೆಲ್ಲಗೆ ಮಾಡಿದರೆ ಸಾಕಾ? ಅಥವಾ ಮೊದಲು ಪೆಲ್ವಿಕ್ ಫ್ಲೋರ್ (ಮೂತ್ರ ಹಿಡಿದಿಡುವ ಸ್ನಾಯುಗಳ) ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಬೇಕಾ?