ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ಇದೆ, ಆದರೂ ಎಲೆಕ್ಟ್ರಿಕ್ ಕಾರು ಏಳುತ್ತಿಲ್ಲ. ಚಾರ್ಜರ್ ಕೂಡ ತಗೊಳ್ತಿಲ್ಲ

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಅಕ್ಕನ ಬಾಣಂತನಕ್ಕೆ ಹೋಗಿದ್ದರು. ಅಪ್ಪನ ಎಲೆಕ್ಟ್ರಿಕ್ ಕಾರು ತಿಂಗಳ ಮೇಲೆ ಅಪಾರ್ಟ್‌ಮೆಂಟ್ ಸೆಲ್ಲಾರ್‌ನಲ್ಲೇ ನಿಂತಿತ್ತು. ಹೋಗುವಾಗ 70% ಚಾರ್ಜ್ ಇತ್ತು. ಈಗ ರಿಮೋಟ್ ಒತ್ತಿದರೆ ಲಾಕ್ ತೆಗೆಯುವುದಿಲ್ಲ. ರಿಮೋಟ್ ಒಳಗಿದ್ದ ಲೋಹದ ಕೀಯಿಂದ ಡ್ರೈವರ್ ಬಾಗಿಲು ತೆಗೆದೆವು. ಬ್ರೇಕ್ ತುಳಿದು ಸ್ಟಾರ್ಟ್ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡ್ ಹಿಂದೆ ಟಕ್ ಟಕ್ ಅಂತ ಸದ್ದು ಬರುತ್ತೆ, ಅಷ್ಟೇ. ಸ್ಕ್ರೀನ್ ಕಪ್ಪು. 15 ಆಂಪ್ ಸಾಕೆಟ್‌ಗೆ ಚಾರ್ಜರ್ ಹಾಕಿದರೆ ಡಬ್ಬಿಯಲ್ಲಿ ಹಸಿರು ದೀಪ ಬರುತ್ತೆ, ಕಾರು ಮಾತ್ರ ತಗೊಳ್ಳಲ್ಲ. ಲಕ್ಷಗಟ್ಟಲೆ ಬೆಲೆಯ ಬ್ಯಾಟರಿಯೇ ಹೋಯಿತಾ ಅಂತ ಅಪ್ಪ ತುಂಬಾ ಗಾಬರಿಯಾಗಿದ್ದಾರೆ.

ಹಸಿರುದಾರಿ

ಚಾರ್ಜರ್ ಹಾಕಿ ರಾತ್ರಿಯಿಡೀ ಬಿಟ್ಟು ನೋಡಿ, ನಿಧಾನಕ್ಕೆ ತಗೊಳ್ಳಬಹುದು.

ವೈರ್‌ಮ್ಯಾನ್, ಮೈಸೂರು

ರಾತ್ರಿಯಲ್ಲ, ವಾರ ಬಿಟ್ಟರೂ ತಗೊಳ್ಳಲ್ಲ. ಮೇಡಂ, ಮೊದಲು ಅಪ್ಪನಿಗೆ ಧೈರ್ಯ ಹೇಳಿ. ದೊಡ್ಡ ಬ್ಯಾಟರಿ ಬಹುತೇಕ ಸರಿಯಾಗೇ ಇರುತ್ತೆ. ಸತ್ತಿರುವುದು 12 ವೋಲ್ಟ್‌ನ ಚಿಕ್ಕ ಬ್ಯಾಟರಿ.

ದೊಡ್ಡ ಬ್ಯಾಟರಿಗೂ ಕಾರಿನ ಉಳಿದ ಭಾಗಕ್ಕೂ ನಡುವೆ ಕಾಂಟ್ಯಾಕ್ಟರ್‌ಗಳಿರುತ್ತವೆ. ಪಂಪ್‌ಸೆಟ್ ಸ್ಟಾರ್ಟರ್ ಡಬ್ಬಿಯಲ್ಲಿ ಗುಂಡಿ ಒತ್ತಿದಾಗ ಟಪ್ ಅಂತ ಎಳೆದುಕೊಳ್ಳುತ್ತಲ್ಲ, ಅದೇ ಜಾತಿ. ಕಾರು ಆಫ್ ಇದ್ದಾಗ ಅವು ಬಿಟ್ಟುಕೊಂಡಿರುತ್ತವೆ. ಅವನ್ನು ಎಳೆದು ಹಿಡಿಯುವ ಕಾಯಿಲ್‌ಗೆ ಕರೆಂಟ್ ಬರುವುದು 12 ವೋಲ್ಟ್‌ನಿಂದ. ಚಾರ್ಜರ್ ಜೊತೆ ಮಾತಾಡುವ ಎಲೆಕ್ಟ್ರಾನಿಕ್ಸ್ ಕೂಡ ಅದರಿಂದಲೇ ನಡೆಯಬೇಕು. ಪೆಟ್ರೋಲ್ ಕಾರಿನ ಆಲ್ಟರ್ನೇಟರ್ ಕೆಲಸವನ್ನು ಇಲ್ಲಿ ಡಿಸಿ-ಡಿಸಿ ಕನ್ವರ್ಟರ್ ಮಾಡುತ್ತೆ. ಅದು ದೊಡ್ಡ ಬ್ಯಾಟರಿಯಿಂದ ಕರೆಂಟ್ ತೆಗೆದು ಚಿಕ್ಕದನ್ನು ತುಂಬುತ್ತೆ. ಆದರೆ ಕಾಂಟ್ಯಾಕ್ಟರ್ ಕೂರದೆ ಅದಕ್ಕೆ ಕರೆಂಟೇ ಸಿಗಲ್ಲ. ಹಾಗಾಗಿ ಒಂದು ಸಲ ಹೊರಗಿನಿಂದ 12 ವೋಲ್ಟ್ ಕೊಟ್ಟು ಎಬ್ಬಿಸಲೇಬೇಕು.

ಬಾನೆಟ್ ತೆಗೆದು ಚಿಕ್ಕ ಬ್ಯಾಟರಿಯ ವೋಲ್ಟೇಜ್ ನೋಡಿ ಹೇಳ್ತೀರಾ? ಲೆಡ್ ಆಸಿಡ್ ಆದರೆ ತುಂಬಿದಾಗ 12.6 ಇರಬೇಕು. 12.2 ಅಂದರೆ ಅರ್ಧ ಖಾಲಿ. 11.8ಕ್ಕಿಂತ ಕೆಳಗೆ ಏನೂ ಉಳಿದಿಲ್ಲ ಅಂತಲೇ ಲೆಕ್ಕ. ಕಿತ್ತಳೆ ಬಣ್ಣದ ಕೇಬಲ್ ಎಲ್ಲಿ ಕಂಡರೂ ಕೈ ಹಾಕಬೇಡಿ, ಅದು ಹೈ ವೋಲ್ಟೇಜ್.

ಹಳೇಗ್ಯಾರೇಜ್, ಬೆಂಗಳೂರು

ಆ ಕೊನೇ ಮಾತನ್ನು ಎಲ್ಲರೂ ಗಟ್ಟಿಯಾಗಿ ಹಿಡ್ಕೊಳ್ಳಿ. 2001ರಲ್ಲಿ ನಮ್ಮ ಬೆಂಗಳೂರಿನ ರಸ್ತೆಗಿಳಿದ ರೇವಾ ಓಡುತ್ತಿದ್ದುದು 48 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಗಳ ಮೇಲೆ. ಆ ಕಾಲದಲ್ಲಿ ಕೈಯಾಡಿಸಿದ ಧೈರ್ಯ ಈಗಿನ ಕಾರುಗಳಿಗೆ ನಡೆಯಲ್ಲ. ಇವುಗಳಲ್ಲಿ ಹೆಚ್ಚಿನವಕ್ಕೆ ಇರುವುದು 300 ವೋಲ್ಟ್‌ಗೂ ಮೇಲೆ.

ತುಂಗಾತೀರ

ತಮ್ಮನ ಮಲ್ಟಿಮೀಟರ್‌ನಲ್ಲಿ ನೋಡಿದೆ ಸರ್, 8.4 ತೋರಿಸ್ತಿದೆ. ಪಕ್ಕದ ಮನೆಯವರು ಪೆಟ್ರೋಲ್ ಕಾರು ತರ್ತೀನಿ ಅಂದರು. ಆದರೆ ನಮ್ಮ ಕಾರಿನ ಮುಂದೆ ಕಂಬ, ಪಕ್ಕದಲ್ಲಿ ಗೋಡೆ. ಕೇಬಲ್ ಮುಟ್ಟಲ್ಲ. ತಳ್ಳೋಣ ಅಂದರೆ ಹ್ಯಾಂಡ್‌ಬ್ರೇಕ್ ಕೂಡ ಬಟನ್‌ದು, ಬಿಡ್ತಿಲ್ಲ. ಮನೆಯ ಇನ್ವರ್ಟರ್ ಬ್ಯಾಟರಿ ನಡೆಯುತ್ತಾ? 150 ಆಂಪ್ ಅವರ್‌ದು ಒಂದೇ ಇದೆ.

ಜವಾರಿಡ್ರೈವರ್, ಹುಬ್ಬಳ್ಳಿ

ಅಕ್ಕಾರ, ಯಾರರ ಲಾರಿ ತರ್ತೀನಿ ಅಂದ್ರ ಬ್ಯಾಡ ಅನ್ರಿ. ಲಾರಿದು 24 ವೋಲ್ಟ್ ಇರ್ತದ. ಹಚ್ಚಿದ್ರ ನಿಮ್ಮ ಗಾಡಿ ಎಲೆಕ್ಟ್ರಾನಿಕ್ಸ್ ಎಲ್ಲಾ ಸುಟ್ಟ ಹೋಗ್ತಾವ.

ವೈರ್‌ಮ್ಯಾನ್, ಮೈಸೂರು

ಇನ್ವರ್ಟರ್ ಬ್ಯಾಟರಿ ನಡೆಯುತ್ತೆ, ಅದೂ 12 ವೋಲ್ಟೇ. ಪೆಟ್ರೋಲ್ ಕಾರಿನ ಹಾಗೆ ಸ್ಟಾರ್ಟರ್ ಮೋಟರ್ ತಿರುಗಿಸುವ ಭಾರ ಇಲ್ಲಿಲ್ಲ, ಎಲೆಕ್ಟ್ರಾನಿಕ್ಸ್ ಎದ್ದು ಕಾಂಟ್ಯಾಕ್ಟರ್ ಕೂತರೆ ಸಾಕು. ಇನ್ವರ್ಟರ್ ಆಫ್ ಮಾಡಿ, ಅದರ ಎರಡೂ ವೈರ್ ಬಿಚ್ಚಿ, ಬರೀ ಬ್ಯಾಟರಿಯನ್ನು ಟ್ರಾಲಿಯಲ್ಲಿ ತನ್ನಿ. 50 ಕೆಜಿಗೂ ಮೇಲೆ ತೂಗುತ್ತೆ, ಓರೆಯಾದರೆ ಆಸಿಡ್ ಚೆಲ್ಲುತ್ತೆ, ಇಬ್ಬರು ಬೇಕು.

ಕಾರಿನ ಫ್ಯಾನ್, ಲೈಟ್ ಎಲ್ಲಾ ಆಫ್ ಇರಲಿ. ಮೊದಲು ಜಂಪರ್ ಕೇಬಲ್‌ನ ಕೆಂಪು ಕ್ಲಿಪ್ ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಇನ್ವರ್ಟರ್ ಬ್ಯಾಟರಿಯ ಪ್ಲಸ್‌ಗೆ. ಆಮೇಲೆ ಕಪ್ಪು ಕ್ಲಿಪ್ ಇನ್ವರ್ಟರ್ ಬ್ಯಾಟರಿಯ ಮೈನಸ್‌ಗೆ. ಕೊನೆಯ ಕಪ್ಪನ್ನು ಕಾರಿನ ಬ್ಯಾಟರಿಗೆ ಹಾಕದೆ, ಸ್ವಲ್ಪ ದೂರದಲ್ಲಿ ಪೇಂಟ್ ಇಲ್ಲದ ಬೋಲ್ಟ್‌ಗೆ ಕಚ್ಚಿಸಿ. ಕೊನೆಯ ಕ್ಲಿಪ್‌ನಲ್ಲಿ ಕಿಡಿ ಬರುತ್ತೆ, ಬ್ಯಾಟರಿಯಿಂದ ಹೈಡ್ರೋಜನ್ ಬಂದಿದ್ದರೆ ಹತ್ತಿಕೊಳ್ಳುವ ಅಪಾಯ ಇದೆ, ಅದಕ್ಕೇ ದೂರ. ಹತ್ತು ನಿಮಿಷ ಹಾಗೇ ಬಿಟ್ಟು ಬ್ರೇಕ್ ತುಳಿದು ಸ್ಟಾರ್ಟ್ ಒತ್ತಿ.

ಸ್ಕ್ರೀನ್‌ನಲ್ಲಿ ರೆಡಿ ಅಂತ ಬಂದ ಮೇಲೆ ಕ್ಲಿಪ್‌ಗಳನ್ನು ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಬೇಗ ತೆಗೆಯಿರಿ. ಇಲ್ಲದಿದ್ದರೆ ಕಾರು ಇನ್ವರ್ಟರ್ ಬ್ಯಾಟರಿಯನ್ನೂ ತುಂಬಿಸಲು ಹೋಗುತ್ತೆ.

ಹಸಿರುದಾರಿ

ಸತ್ತ ಬ್ಯಾಟರಿಗೆ ಕರೆಂಟ್ ಕೊಡುವ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಜಂಪ್ ಸ್ಟಾರ್ಟರ್ ಆಗಲ್ವಾ?

ವೈರ್‌ಮ್ಯಾನ್, ಮೈಸೂರು

ಧಾರಾಳವಾಗಿ ಆಗುತ್ತೆ. ಆದರೆ ಬ್ಯಾಟರಿ ತೀರಾ ಇಳಿದಿದ್ದರೆ ಕೆಲವು ಜಂಪ್ ಸ್ಟಾರ್ಟರ್‌ಗಳಿಗೆ ಎದುರಿಗೆ ಬ್ಯಾಟರಿ ಇದೆ ಅಂತಲೇ ಗೊತ್ತಾಗಲ್ಲ. ಆಗ ಬೂಸ್ಟ್ ಬಟನ್ ಒತ್ತಬೇಕಾಗುತ್ತೆ. ಅದನ್ನು ಒತ್ತಿದರೆ ಪ್ಲಸ್ ಮೈನಸ್ ತಪ್ಪಿದಾಗ ಕಾಪಾಡುವ ವ್ಯವಸ್ಥೆಯೂ ಬಂದ್ ಆಗುವುದುಂಟು, ಎರಡು ಸಲ ನೋಡಿಯೇ ಒತ್ತಿ.

ತುಂಗಾತೀರ

ಸರ್, ಸ್ಕ್ರೀನ್ ಬಂತು! ಆದರೆ ಹಳದಿ, ಕೆಂಪು ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡಿವೆ. ರೆಡಿ ಬರ್ತಿಲ್ಲ. ಏನಾದರೂ ಸುಟ್ಟಿರಬಹುದಾ?

ವೈರ್‌ಮ್ಯಾನ್, ಮೈಸೂರು

ಹೆದರಬೇಡಿ. ವೋಲ್ಟೇಜ್ ಕುಸಿದಾಗ ಒಂದೊಂದು ಕಂಪ್ಯೂಟರ್ ಕೂಡ ಒಂದೊಂದು ದೂರು ಬರೆದಿಟ್ಟಿರುತ್ತೆ. ಕೇಬಲ್ ಹಾಗೇ ಇರಲಿ. ಕಾರು ಆಫ್ ಮಾಡಿ, ಬಾಗಿಲು ಮುಚ್ಚಿ, ಇನ್ನೊಂದು ಹತ್ತು ನಿಮಿಷ ಬಿಡಿ. ಖಾಲಿ ಬ್ಯಾಟರಿ ಸ್ವಲ್ಪ ಕುಡಿದು ಮೇಲೆ ಬರಲಿ. ಕ್ಲಿಪ್‌ಗಳನ್ನು ಅಲ್ಲಾಡಿಸಿ ಗಟ್ಟಿ ಕೂರಿಸಿ, ಟರ್ಮಿನಲ್ ಮೇಲೆ ಬಿಳಿ ಪುಡಿ ಇದ್ದರೆ ಕರೆಂಟ್ ದಾಟಲ್ಲ.

ತುಂಗಾತೀರ

ಬಂತು ಸರ್, ರೆಡಿ ಬಂತು! ಪ್ಲಸ್ ಕ್ಲಿಪ್ ಕೆಳಗೆ ನೀವು ಹೇಳಿದ ಬಿಳಿ ಪುಡಿಯೇ ಇತ್ತು, ಹಳೇ ಬ್ರಷ್‌ನಿಂದ ಉಜ್ಜಿದೆವು. ದೀಪಗಳು ಒಂದೊಂದಾಗಿ ಆರಿದವು. ದೊಡ್ಡ ಬ್ಯಾಟರಿ 69% ತೋರಿಸ್ತಿದೆ. ಅಪ್ಪನ ಮುಖ ನೋಡಬೇಕಿತ್ತು. ಕೇಬಲ್ ತೆಗೆದ ಮೇಲೆ ಚಿಕ್ಕ ಬ್ಯಾಟರಿ ಮೇಲೆ 14.2 ವೋಲ್ಟ್ ಇದೆ.

ವೈರ್‌ಮ್ಯಾನ್, ಮೈಸೂರು

ತುಂಬಾ ಸಂತೋಷ. 14.2 ಅಂದರೆ ಡಿಸಿ-ಡಿಸಿ ಕನ್ವರ್ಟರ್ ಸರಿ ಇದೆ. 12ರಲ್ಲೇ ನಿಂತಿದ್ದರೆ ಸರ್ವಿಸ್ ಸೆಂಟರ್‌ಗೇ ಹೋಗಬೇಕಿತ್ತು, ಅದೂ ಕಾರನ್ನು ಪೂರ್ತಿ ಮೇಲೆ ಹತ್ತಿಸಿಕೊಂಡು ಹೋಗುವ ಫ್ಲಾಟ್‌ಬೆಡ್ ಗಾಡಿಯಲ್ಲಿ. ಡ್ರೈವ್ ಚಕ್ರ ನೆಲದಲ್ಲಿ ಉರುಳಿಸಿಕೊಂಡು ಟೋ ಮಾಡಿಸಿದರೆ ಮೋಟರ್ ಜನರೇಟರ್ ಆಗಿಬಿಡುತ್ತೆ.

ಪಿ ಗೇರ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ ಒಂದೆರಡು ಗಂಟೆ ರೆಡಿಯಲ್ಲೇ ಬಿಡಿ. ಸದ್ದಿಲ್ಲದ ಗಾಡಿ, ಮಕ್ಕಳು ಹತ್ತಿ ಆಡಿದರೆ ಓಡಿಬಿಡಬಹುದು, ಯಾರಾದರೂ ಒಳಗೇ ಕೂತಿರಿ. ಆಮೇಲೆ ಆಫ್ ಮಾಡಿ ಬೆಳಿಗ್ಗೆ ವೋಲ್ಟೇಜ್ ನೋಡಿ. 8.4ಕ್ಕೆ ಇಳಿದ ಲೆಡ್ ಆಸಿಡ್‌ನಲ್ಲಿ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತೆ, ಅದರ ಮೇಲೆ ನನಗೆ ನಂಬಿಕೆ ಇಲ್ಲ.

ತುಂಗಾತೀರ

ಬೆಳಿಗ್ಗೆ 11.9. ಬ್ಯಾಟರಿ ಅಂಗಡಿಯವರು ಬಂದು ಲೋಡ್ ಟೆಸ್ಟ್ ಮಾಡಿ, ಬ್ಯಾಟರಿ ಹೋಗಿದೆ ಅಂದರು. ಲಿಥಿಯಂದು ಹಾಕಿಸಿ, ಬಾಳಿಕೆ ಜಾಸ್ತಿ ಅಂತಾರೆ.

ವೈರ್‌ಮ್ಯಾನ್, ಮೈಸೂರು

ಕಂಪನಿ ಒಪ್ಪದೆ ಬೇಡ. ನಿಮ್ಮ ಕಾರು ಲೆಡ್ ಆಸಿಡ್‌ಗೆ ತಕ್ಕಂತೆ ಚಾರ್ಜ್ ಮಾಡುತ್ತೆ. ಅದೇ ಅಳತೆ, ಅದೇ ಜಾತಿಯದು ಹಾಕಿಸಿ, ವಾರಂಟಿ ಇದೆಯಾ ಮೊದಲು ವಿಚಾರಿಸಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. 10 ನಂಬರ್ ಸ್ಪ್ಯಾನರ್ ಸಾಮಾನ್ಯವಾಗಿ ಸಾಕು.

ಆದರೆ ಬ್ಯಾಟರಿ ಬದಲಿಸಿದರೆ ಅರ್ಧ ಕೆಲಸ ಮಾತ್ರ. ಕರೆಂಟ್ ಕುಡಿದದ್ದು ಯಾರು? ಹೊರಗಿನಿಂದ ಏನಾದರೂ ಹಾಕಿಸಿದ್ದೀರಾ?

ತುಂಗಾತೀರ

ಡ್ಯಾಶ್‌ಕ್ಯಾಮ್. ಆಕ್ಸೆಸರಿ ಅಂಗಡಿಯವರು ಫ್ಯೂಸ್ ಬಾಕ್ಸ್‌ನಿಂದ ಕನೆಕ್ಷನ್ ಕೊಟ್ಟಿದ್ದಾರೆ. ನಿಂತಾಗಲೂ ರೆಕಾರ್ಡ್ ಆಗುತ್ತೆ ಅಂದಿದ್ದರು.

ವೈರ್‌ಮ್ಯಾನ್, ಮೈಸೂರು

ಅದನ್ನೇ ಅಳೆಯೋಣ. ಮಲ್ಟಿಮೀಟರನ್ನು ಸೀರೀಸ್‌ನಲ್ಲಿ, ಅಂದರೆ ಬ್ಯಾಟರಿ ಕೇಬಲ್ ಬಿಚ್ಚಿ ನಡುವೆ, ಹಾಕಬೇಡಿ. ಮಧ್ಯದಲ್ಲಿ ಕಾರು ಎದ್ದು ಚಾರ್ಜ್ ಶುರು ಮಾಡಿದರೆ ಮೀಟರ್ ಫ್ಯೂಸ್ ಹಾರುತ್ತೆ. ವೈರ್ ಬಿಚ್ಚದೆ ಅದರ ಸುತ್ತ ಕಚ್ಚಿಸಿ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು, ಅಗ್ಗದವು ಎಸಿ ಮಾತ್ರ ತೋರಿಸುತ್ತವೆ. ಬಾನೆಟ್ ತೆರೆದಿಟ್ಟು, ಅದರ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ. ಕಾರು ಲಾಕ್ ಮಾಡಿ, ಕೀ ಮನೆಯೊಳಗಿಟ್ಟು ಅರ್ಧ ಗಂಟೆ ಕಾಯಿರಿ. ಮೊಬೈಲ್ ಆ್ಯಪ್ ಕೂಡ ತೆಗೆಯಬೇಡಿ, ಅದು ಕಾರನ್ನು ಎಬ್ಬಿಸುತ್ತೆ. ಆಮೇಲೆ ಮೈನಸ್ ಕೇಬಲ್‌ಗೆ ಕ್ಲ್ಯಾಂಪ್ ಹಾಕಿ ನೋಡಿ.

ತುಂಗಾತೀರ

ಹೊಸ ಬ್ಯಾಟರಿ ಹಾಕಿ ನೋಡಿದೆವು. 0.31 ಆಂಪಿಯರ್ ಹೋಗ್ತಿತ್ತು. ಕ್ಯಾಮೆರಾ ಫ್ಯೂಸ್ ಕಿತ್ತ ಕೂಡಲೇ 0.02 ಆಸುಪಾಸಿಗೆ ಇಳಿಯಿತು.

ವೈರ್‌ಮ್ಯಾನ್, ಮೈಸೂರು

ಸಿಕ್ಕಿತಲ್ಲ. 0.31ನ್ನು 24 ಗಂಟೆಗೆ ಗುಣಿಸಿ, ದಿನಕ್ಕೆ ಏಳು ಆಂಪ್ ಅವರ್ ಮೇಲಾಯಿತು. 45 ಆಂಪ್ ಅವರ್ ಬ್ಯಾಟರಿ ವಾರವೂ ಬರಲ್ಲ. ನಿಂತಾಗ ದೊಡ್ಡದರಿಂದ ಚಿಕ್ಕದಕ್ಕೆ ಆಗಾಗ ತುಂಬಿಸಿಕೊಳ್ಳುವ ಕಾರುಗಳೂ ಇವೆ, ಆದರೆ ಎಲ್ಲವೂ ಹಾಗಲ್ಲ. ಕ್ಯಾಮೆರಾವನ್ನು ಕಾರು ಆನ್ ಆದಾಗ ಮಾತ್ರ ಕರೆಂಟ್ ಬರುವ ಫ್ಯೂಸ್‌ಗೆ ಬದಲಿಸಿ.

ತುಂಗಾತೀರ

ಬದಲಿಸಿ ಆಯಿತು ಸರ್. ಅಮ್ಮ ನಿಮಗೆ ತುಂಬಾ ಥ್ಯಾಂಕ್ಸ್ ಹೇಳಿದ್ದಾರೆ. ಕೊನೇ ಪ್ರಶ್ನೆ. ಇನ್ನೊಮ್ಮೆ ತಿಂಗಳುಗಟ್ಟಲೆ ಹೋಗುವಾಗ ಮೈನಸ್ ಬಿಚ್ಚಿಟ್ಟು ಹೋಗಬಹುದಾ?

ವೈರ್‌ಮ್ಯಾನ್, ಮೈಸೂರು

ಮ್ಯಾನ್ಯುಯಲ್‌ನಲ್ಲಿ ಬೇಡ ಅಂದಿಲ್ಲದಿದ್ದರೆ ಬಿಚ್ಚಬಹುದು. ಕಾರು ಪೂರ್ತಿ ಆಫ್ ಆಗಿ ಸ್ವಲ್ಪ ಹೊತ್ತಾದ ಮೇಲೆ ಬಿಚ್ಚಿ. ಚಾರ್ಜಿಂಗ್ ಗನ್ ಹಾಕಿಡಬೇಡಿ, ಅಲ್ಲೇ ಲಾಕ್ ಆಗಿ ಉಳಿದೀತು. ಲೋಹದ ಕೀ ನಿಮ್ಮ ಕೈಯಲ್ಲೇ ಇರಲಿ. ನಿಮ್ಮ ಚಿಕ್ಕ ಬ್ಯಾಟರಿ ಬಾನೆಟ್ ಕೆಳಗಿದೆ, ತೊಂದರೆ ಇಲ್ಲ. ಡಿಕ್ಕಿಯಲ್ಲಿ ಚಿಕ್ಕ ಬ್ಯಾಟರಿ ಇರುವ ಕಾರಿನವರು ಮಾತ್ರ ಬಿಚ್ಚುವ ಮೊದಲೇ ಡಿಕ್ಕಿಯನ್ನು ಕೈಯಿಂದ ತೆಗೆಯುವ ದಾರಿ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ಕರೆಂಟ್ ಇಲ್ಲದೆ ಬಟನ್ ಒತ್ತಿದರೆ ಅದು ತೆರೆಯಲ್ಲ.